ಫಾರ್ಮ್ಯಾಟ್ ಮಾಡುವ ಮೊದಲು ನಿದಾನ: ಶಾಲೆಯ ಹಳೆಯ ಕಂಪ್ಯೂಟರ್ ಮತ್ತು ನಮ್ಮ ಅಭ್ಯಾಸ ಬೋಧನೆ

ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬ ಘಟಕವನ್ನು ಓದದೆ ನಮ್ಮ ಕಾಲೇಜುಗಳಿಂದ ಯಾವ ಪ್ರಶಿಕ್ಷಣಾರ್ಥಿಯೂ ಹೊರಗೆ ಹೋಗುವುದಿಲ್ಲ. ಭಾಗಾಕಾರದಲ್ಲಿ ಮಗು ತಪ್ಪಿದರೆ ಒಂದನೇ ತರಗತಿಯಿಂದ ಎಲ್ಲವನ್ನೂ ಮತ್ತೆ ಕಲಿಸಿ ಎಂದು ನಾವು ಹೇಳುವುದಿಲ್ಲ. ಮಗ್ಗಿಯಲ್ಲಿ ತಪ್ಪಿದೆಯೇ, ಸ್ಥಾನಬೆಲೆಯಲ್ಲಿ ತಪ್ಪಿದೆಯೇ, ದಶಕ ತೆಗೆದುಕೊಂಡು ಕಳೆಯುವಲ್ಲಿ ತಪ್ಪಿದೆಯೇ ಎಂದು ಹುಡುಕಲು ಹೇಳುತ್ತೇವೆ. ಅದಕ್ಕಾಗಿ ಪ್ರಶ್ನೆಗಳನ್ನು ಬರೆಸುತ್ತೇವೆ, ದೋಷಗಳ ಪಟ್ಟಿ ಮಾಡಿಸುತ್ತೇವೆ, ಅಂಕ ಕೊಡುತ್ತೇವೆ. ಅದೇ ಪ್ರಶಿಕ್ಷಣಾರ್ಥಿ ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ ಕಂಪ್ಯೂಟರ್ ಚಾಲೂ ಆಗದಿದ್ದರೆ ಎರಡು ನಿಮಿಷದಲ್ಲಿ ತೀರ್ಪು ಬರುತ್ತದೆ: "ಫಾರ್ಮ್ಯಾಟ್ ಹೊಡಸಬೇಕ್ರಿ ಸರ್." ನಿದಾನವಿಲ್ಲ, ನೇರ ಚಿಕಿತ್ಸೆ. ಅದೂ ಎಲ್ಲವನ್ನೂ ಅಳಿಸಿಹಾಕುವ ಚಿಕಿತ್ಸೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ವೀಕ್ಷಣೆಗೆ ಓಡಾಡುವ ಶಿಕ್ಷಕ ಶಿಕ್ಷಣದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಲೂ ಆಗದ ಹಳೆಯ ಕಂಪ್ಯೂಟರಿನ ದೋಷ ಹುಡುಕುವುದನ್ನು ನಮ್ಮ ಬಿ.ಎಡ್. ಮತ್ತು ಡಿ.ಎಲ್.ಇಡಿ. ಪ್ರಾಯೋಗಿಕ ಕೆಲಸದಲ್ಲಿ ಸೇರಿಸಬೇಕು. ಶಿಕ್ಷಕರನ್ನು ಮೆಕ್ಯಾನಿಕ್ ಮಾಡುವುದು ಇದರ ಉದ್ದೇಶವಲ್ಲ. ನಿದಾನ ಎಂದರೇನು ಎಂಬುದನ್ನು ಕೈಯಿಂದ ಮುಟ್ಟಿ ಕಲಿಯಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಸ್ಪಷ್ಟವಾದ ಬೋಧನೋಪಕರಣ ನಮ್ಮ ಕೈಯಲ್ಲಿ ಇನ್ನೊಂದಿಲ್ಲ.

ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆ ಹೇಗೆ ಬಂತು

ನಮ್ಮ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಒಂದೇ ಸಲ ಬಂದಿಲ್ಲ. 2000ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆ ಬಂತು. ಕೇಂದ್ರದ ಐಸಿಟಿ ಶಾಲಾ ಯೋಜನೆ 2004ರ ಡಿಸೆಂಬರ್‌ನಲ್ಲಿ ಶುರುವಾಗಿ 2010ರಲ್ಲಿ ಪರಿಷ್ಕರಣೆಗೊಂಡಿತು. ಅದರ ಹಂತಗಳಲ್ಲಿ ಮತ್ತಷ್ಟು ಯಂತ್ರಗಳು ಬಂದವು. ಹೆಚ್ಚಿನವು ವಿಂಡೋಸ್ ಹಾಕಿಕೊಂಡೇ ಬಂದವು. 2011ರಿಂದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳನ್ನು ನಡೆಸಿದವು. ಎಸ್‌ಟಿಎಫ್ ಎಂದರೆ ಹಿರಿಯ ಶಿಕ್ಷಕರಿಗೆ ಈಗಲೂ ನೆನಪಿದೆ. ಆ ತರಬೇತಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು ಮೇಲೆ ಕೆಲಸ ಮಾಡಲು ಕಲಿತರು. ಜಿಯೋಜೀಬ್ರಾದಲ್ಲಿ ವೃತ್ತ ಎಳೆದರು, ಲಿಬ್ರೆ ಆಫೀಸಿನಲ್ಲಿ ಪ್ರಶ್ನೆಪತ್ರಿಕೆ ಮಾಡಿದರು, ಕನ್ನಡ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರು.

ಊರಿಗೆ ಮರಳಿದ ಶಿಕ್ಷಕರು ಶಾಲೆಯ ವಿಂಡೋಸನ್ನು ತೆಗೆದು ಹಾಕಲಿಲ್ಲ. ಕಚೇರಿಯ ಕೆಲಸಕ್ಕೆ, ನುಡಿ ತಂತ್ರಾಂಶದಲ್ಲಿದ್ದ ಹಳೆಯ ಪತ್ರಗಳಿಗೆ ಅದು ಬೇಕಿತ್ತು. ಅದರ ಪಕ್ಕದಲ್ಲಿ ಉಬುಂಟು ಹಾಕಿಕೊಂಡರು. ಹೀಗೆ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಎರಡು ಸಂಸಾರ ಹೂಡಿದವು. ಯಂತ್ರ ಹಚ್ಚಿದಾಗ ಯಾವುದು ಬೇಕು ಎಂದು ಕೇಳುವ ಪಟ್ಟಿ ಬರುತ್ತದೆ. ಆ ಪಟ್ಟಿ ಬರುವವರೆಗೆ ಎಲ್ಲ ಸರಿ. ಬರದ ದಿನ ಕೊಠಡಿಗೆ ಬೀಗ ಬೀಳುತ್ತದೆ.

ಐಸಿಟಿ ಯೋಜನೆಯ ಒಂದು ಮಾದರಿಯ ಹೆಸರೇ ಬೂಟ್ ಎಂದಿತ್ತು: ಕಂಪನಿ ಕಟ್ಟುತ್ತದೆ, ತನ್ನದಾಗಿಟ್ಟುಕೊಳ್ಳುತ್ತದೆ, ನಡೆಸುತ್ತದೆ, ಕೊನೆಗೆ ಶಾಲೆಗೆ ಒಪ್ಪಿಸಿ ಹೋಗುತ್ತದೆ. ಒಪ್ಪಂದದ ಅವಧಿ ಮುಗಿದ ಮೇಲೆ ಯಂತ್ರ ಶಾಲೆಯಲ್ಲಿ ಉಳಿಯಿತು, ಅದನ್ನು ಬಲ್ಲವರು ಉಳಿಯಲಿಲ್ಲ. ದಾಸ್ತಾನು ವಹಿಯಲ್ಲಿ ಯಂತ್ರದ ಸಂಖ್ಯೆ ಇದೆ. ಅದರ ಒಳಗೆ ಏನಿದೆ, ಡಿಸ್ಕನ್ನು ಹೇಗೆ ಭಾಗ ಮಾಡಲಾಗಿದೆ ಎಂಬ ಒಂದು ಸಾಲೂ ಇಲ್ಲ. ಆದ್ದರಿಂದ ದೋಷ ಬಂದಾಗ ಪೇಟೆಯಿಂದ ಬರುವ ಹುಡುಗನಿಗೂ ಫಾರ್ಮ್ಯಾಟೇ ಸುಲಭದ ದಾರಿ. ಅವನಿಗೆ ಮತ್ತೊಂದು ಊರಿಗೆ ಹೋಗುವ ಅವಸರ ಇರುತ್ತದೆ.

ಇದರಲ್ಲಿ ಹೋಗುವುದೇನು? ಯಲಬುರ್ಗಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿಯೊಬ್ಬರು ಮೂರು ವರ್ಷ ಕೂತು ಮಾಡಿದ ಜಿಯೋಜೀಬ್ರಾ ಕಡತಗಳು, ಘಟಕ ಪರೀಕ್ಷೆಯ ಪ್ರಶ್ನೆಗಳು, ಮಕ್ಕಳೇ ಎಳೆದ ಚಿತ್ರಗಳು ಒಂದು ಮಧ್ಯಾಹ್ನದಲ್ಲಿ ಹೋದವು. ವಿಂಡೋಸ್ ಹಾಳಾಗಿದೆ ಎಂದು ಕರೆಸಿದ್ದರು. ರಿಪೇರಿಯವನು ಡಿಸ್ಕನ್ನೆಲ್ಲ ಒರಸಿ ವಿಂಡೋಸ್ ಒಂದನ್ನೇ ಹಾಕಿ ಹೋದ. ಆ ಬಾಯಿಯವರು ನನ್ನ ಮುಂದೆ ಹೇಳಿದ್ದು ಇಷ್ಟೇ: "ಅವನು ಕೇಳಲೇ ಇಲ್ರಿ ಸರ್, ಒಳಗ ಏನೈತಿ ಅಂತ." ನಮ್ಮ ಶಾಲೆಗಳಲ್ಲಿ ಶಿಕ್ಷಕರು ತಾವೇ ಮಾಡಿಕೊಂಡ ಸಾಮಗ್ರಿ ಬಹಳ ಕಡಿಮೆ. ಇದ್ದದ್ದೂ ಹೀಗೆ ಹೋದರೆ ಮತ್ತೊಮ್ಮೆ ಮಾಡುವ ಮನಸ್ಸು ಯಾರಿಗೂ ಬರುವುದಿಲ್ಲ.

ಯಂತ್ರ ಎಚ್ಚರಗೊಳ್ಳುವ ಕ್ರಮ

ನಿದಾನಕ್ಕೆ ಮೊದಲ ಷರತ್ತು ಸರಿಯಾದ ಕ್ರಮ ಗೊತ್ತಿರುವುದು. ಭಾಗಾಕಾರದ ಮೆಟ್ಟಿಲು ಗೊತ್ತಿಲ್ಲದವರು ತಪ್ಪು ಯಾವ ಮೆಟ್ಟಿಲಲ್ಲಿದೆ ಎಂದು ಹೇಳಲಾರರು. ಹಳೆಯ ಕಂಪ್ಯೂಟರ್ ಏಳುವ ಕ್ರಮವನ್ನು ಶಾಲೆಯ ಬೆಳಗಿಗೆ ಹೋಲಿಸಿ ಹೇಳಿದರೆ ಪ್ರಶಿಕ್ಷಣಾರ್ಥಿಗಳಿಗೆ ಬೇಗ ಹತ್ತುತ್ತದೆ.

ಮೊದಲು ಗೇಟು ತೆರೆಯಬೇಕು, ಅಂದರೆ ವಿದ್ಯುತ್ ಬರಬೇಕು. ಎರಡನೆಯದು ಹಾಜರಿ. ಮದರ್‌ಬೋರ್ಡಿನಲ್ಲಿರುವ ಬಯೋಸ್ ಎಂಬ ಚಿಕ್ಕ ತಂತ್ರಾಂಶ ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ, ಪರದೆಯ ಕಾರ್ಡ್ ಇದೆಯೇ ಎಂದು ಕರೆದು ನೋಡುತ್ತದೆ. ಯಾರಾದರೂ ಗೈರಾದರೆ ಬೀಪ್ ಎಂದು ಕೂಗುತ್ತದೆ. ಮೂರನೆಯದಾಗಿ ಇಂದು ಯಾರ ಹತ್ತಿರ ಹೋಗಬೇಕು ಎಂದು ತನ್ನ ಪಟ್ಟಿ ನೋಡುತ್ತದೆ: ಹಾರ್ಡ್‌ಡಿಸ್ಕೋ, ಸಿಡಿಯೋ, ಪೆನ್‌ಡ್ರೈವೋ. ಇದೇ ಬೂಟ್ ಕ್ರಮ. ನಾಲ್ಕನೆಯದಾಗಿ ಆ ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ. ಅದರಲ್ಲಿ 446 ಬೈಟ್ ಮುಂದಿನ ದಾರಿ ಹೇಳುವ ಸಂಕೇತ, 64 ಬೈಟ್ ಡಿಸ್ಕಿನ ಭಾಗಗಳ ಪಟ್ಟಿ, ಕೊನೆಯ 2 ಬೈಟ್ ಸಹಿ. ಭಾಗಗಳ ಪಟ್ಟಿಯಲ್ಲಿ ಒಂದೊಂದು ನಮೂದಿಗೂ 16 ಬೈಟ್. 64ನ್ನು 16ರಿಂದ ಭಾಗಿಸಿದರೆ 4. ಹಳೆಯ ಡಿಸ್ಕಿನಲ್ಲಿ ನಾಲ್ಕೇ ಪ್ರಾಥಮಿಕ ಭಾಗ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಗಣಿತದ ಪ್ರಶಿಕ್ಷಣಾರ್ಥಿಗೆ ಇದಕ್ಕಿಂತ ಒಳ್ಳೆಯ ನಿಜ ಜೀವನದ ಲೆಕ್ಕ ಸಿಗುವುದಿಲ್ಲ.

ಐದನೆಯದು ಪಟ್ಟಿ ತೋರಿಸುವವನು. ಉಬುಂಟು ಇದ್ದ ಯಂತ್ರದಲ್ಲಿ ಈ ಕೆಲಸ ಗ್ರಬ್ ಎಂಬ ತಂತ್ರಾಂಶದ್ದು. ಅದರ ಒಂದು ತುಣುಕು ಆ ಮೊದಲ 446 ಬೈಟಿನಲ್ಲಿದ್ದರೆ ಉಳಿದ ಕಡತಗಳು ಉಬುಂಟುವಿನ ಭಾಗದಲ್ಲಿರುತ್ತವೆ. ಆರನೆಯದಾಗಿ ನಾವು ಆರಿಸಿದ ವ್ಯವಸ್ಥೆ ಮೆಮೊರಿಗೆ ಬಂದು ಕೆಲಸ ಶುರು ಮಾಡುತ್ತದೆ. ಆಗ ಮೊದಲನೆಯ ಪಿರಿಯಡ್ಡಿನ ಗಂಟೆ ಹೊಡೆದಂತೆ.

2012ರ ನಂತರದ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಬರತೊಡಗಿತು. ಅದರಲ್ಲಿ ಕ್ರಮ ಸ್ವಲ್ಪ ಬೇರೆ. ನಮ್ಮ ಶಾಲೆಗಳ ಹಳೆಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬಯೋಸ್ ಕಾಲದವು. ಆದ್ದರಿಂದ ಇಲ್ಲಿ ಅದನ್ನೇ ಹಿಡಿದಿದ್ದೇನೆ.

ಲಕ್ಷಣದಿಂದ ಮೆಟ್ಟಿಲಿಗೆ

ಈ ಆರು ಮೆಟ್ಟಿಲು ಗೊತ್ತಾದ ಮೇಲೆ ಚಾಲೂ ಆಗುವುದಿಲ್ಲ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಎಷ್ಟನೆಯ ಮೆಟ್ಟಿಲವರೆಗೆ ಬಂತು ಎಂಬುದೇ ಪ್ರಶ್ನೆ.

ದೀಪ ಹತ್ತಲಿಲ್ಲ, ಫ್ಯಾನ್ ತಿರುಗಲಿಲ್ಲ ಎಂದರೆ ಗೇಟೇ ತೆರೆದಿಲ್ಲ. ಇಲ್ಲಿ ವಿಂಡೋಸಿಗೂ ಉಬುಂಟುವಿಗೂ ಸಂಬಂಧವೇ ಇಲ್ಲ. ಪ್ಲಗ್, ಯುಪಿಎಸ್, ಹಿಂದಿನ ಸ್ವಿಚ್ಚು ನೋಡಬೇಕು. ನಮ್ಮ ಕಡೆ ಯುಪಿಎಸ್ ಬ್ಯಾಟರಿ ಸತ್ತ ಮೇಲೂ ವರ್ಷಗಟ್ಟಲೆ ಅದರ ಮೂಲಕವೇ ತಂತಿ ಹಾಯಿಸಿರುತ್ತಾರೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಕೇಳುತ್ತದೆ ಎಂದರೆ ಹಾಜರಿಯಲ್ಲಿ ಗೈರು. ಬಹಳ ಸಲ ಮೆಮೊರಿ ಪಟ್ಟಿಯ ಅಂಚಿಗೆ ಧೂಳು ಕೂತಿರುತ್ತದೆ. ಸುಗ್ಗಿಯ ದಿನಗಳಲ್ಲಿ ಗಂಗಾವತಿ ಕಡೆಯ ಶಾಲೆಗಳಲ್ಲಿ ಭತ್ತದ ಹೊಟ್ಟಿನ ಧೂಳು, ಬೇಸಿಗೆಯಲ್ಲಿ ಕುಷ್ಟಗಿ, ಯಲಬುರ್ಗಾದ ಬಯಲಿನ ಮಣ್ಣು ಒಳಗೆ ಹೋಗದೆ ಇರುವುದಿಲ್ಲ. ವಿದ್ಯುತ್ ತಂತಿ ಕಿತ್ತು, ಪಟ್ಟಿ ತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರಸಿ ಮತ್ತೆ ಕೂರಿಸಿದರೆ ಎದ್ದ ಯಂತ್ರಗಳು ಎಷ್ಟೋ. ಇಂಥ ಯಂತ್ರಕ್ಕೂ ಫಾರ್ಮ್ಯಾಟ್ ಹೇಳಿದವರನ್ನು ನಾನು ನೋಡಿದ್ದೇನೆ. ಹಾಜರಿಯೇ ಮುಗಿಯದ ಯಂತ್ರದ ಡಿಸ್ಕನ್ನು ಒರಸಿ ಏನು ಪ್ರಯೋಜನ?

ಬಯೋಸ್ ಬರುತ್ತದೆ, ಆಮೇಲೆ ಡಿಸ್ಕ್ ಇಲ್ಲ ಎನ್ನುತ್ತದೆ, ಅಥವಾ ನೆಟ್‌ವರ್ಕಿನಿಂದ ಚಾಲೂ ಆಗಲು ನೋಡುತ್ತದೆ ಎಂದರೆ ಮೂರನೆಯ ಮೆಟ್ಟಿಲು. ಡಿಸ್ಕಿನ ಕೇಬಲ್ ಸಡಿಲವೇ ನೋಡಬೇಕು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆಯೇ ನೋಡಬೇಕು. ಸಿಆರ್2032 ಎಂದು ಅದರ ಮೇಲೆಯೇ ಬರೆದಿರುತ್ತದೆ, 3 ವೋಲ್ಟಿನದು. ಅದು ಸತ್ತರೆ ಬಯೋಸ್ ತನ್ನ ಬೂಟ್ ಕ್ರಮವನ್ನೂ ತಾರೀಖನ್ನೂ ಮರೆಯುತ್ತದೆ. ಪೆನ್‌ಡ್ರೈವ್ ಮರೆತು ಚುಚ್ಚಿಟ್ಟಿದ್ದರೂ ಇದೇ ಲಕ್ಷಣ ಬರಬಹುದು.

ಗ್ರಬ್ ರೆಸ್ಕ್ಯೂ ಎಂಬ ಸಾಲು ಬಂದು, ಅದರ ಮೇಲೆ ಅಂಥ ಭಾಗವಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಇದ್ದರೆ ಐದನೆಯ ಮೆಟ್ಟಿಲು. ಡಿಸ್ಕಿನ ತಲೆಯಲ್ಲಿರುವ ಗ್ರಬ್ ತುಣುಕು ತನ್ನ ಉಳಿದ ಕಡತಗಳನ್ನು ಹುಡುಕಿ ಕಾಣದೆ ನಿಂತಿದೆ ಎಂದು ಅದರ ಅರ್ಥ. ಜಾಗ ಸಾಲದೆಂದು ಯಾರೋ ವಿಂಡೋಸಿನ ಒಳಗಿಂದ ಉಬುಂಟುವಿನ ಭಾಗವನ್ನು ಅಳಿಸಿರಬಹುದು, ಇಲ್ಲವೇ ಭಾಗಗಳ ಸಂಖ್ಯೆ ಬದಲಾಗಿರಬಹುದು. ಇಲ್ಲಿ ವಿಂಡೋಸಿನ ಕಡತಗಳಿಗೆ ಏನೂ ಆಗಿರುವುದಿಲ್ಲ. ಉಬುಂಟು ನಿಜವಾಗಿಯೂ ಹೋಗಿದ್ದರೆ ವಿಂಡೋಸ್ ಸಿಡಿಯ ದುರಸ್ತಿ ಆಯ್ಕೆಯಿಂದ ಡಿಸ್ಕಿನ ತಲೆಯ ಸಂಕೇತವನ್ನು ಮತ್ತೆ ಬರೆದರೆ ಸಾಕು.

ಇದರ ಉಲ್ಟಾ ಸಂಗತಿ ಇನ್ನೂ ಸಾಮಾನ್ಯ. ವಿಂಡೋಸನ್ನು ಮತ್ತೆ ಹಾಕಿದ ಮೇಲೆ ಪಟ್ಟಿಯೇ ಬರುವುದಿಲ್ಲ, ನೇರ ವಿಂಡೋಸ್ ತೆರೆಯುತ್ತದೆ. "ಉಬುಂಟು ಹೋಗೈತ್ರಿ ಸರ್" ಎನ್ನುತ್ತಾರೆ. ಆ ಭಾಗವನ್ನು ಯಾರೂ ಅಳಿಸದಿದ್ದರೆ ಉಬುಂಟು ಹೋಗಿರುವುದಿಲ್ಲ. ವಿಂಡೋಸ್ ತನ್ನನ್ನು ಹಾಕಿಕೊಳ್ಳುವಾಗ ಡಿಸ್ಕಿನ ತಲೆಯಲ್ಲಿ ಗ್ರಬ್ಬಿನ ಸಂಕೇತ ಇದ್ದ ಜಾಗದಲ್ಲಿ ತನ್ನದನ್ನು ಬರೆದುಕೊಂಡಿದೆ, ಅಷ್ಟೇ. ಮನೆ ಇದೆ, ಬಾಗಿಲ ಮೇಲಿನ ಹೆಸರು ಹೋಗಿದೆ. ಉಬುಂಟು ಪೆನ್‌ಡ್ರೈವಿನಿಂದ ಯಂತ್ರ ಹಚ್ಚಿ, ಹಳೆಯ ಉಬುಂಟು ಭಾಗವನ್ನು ತೆರೆದು, ಮೊದಲು ಬೇಕಾದ ಕಡತಗಳನ್ನು ನಕಲು ಮಾಡಿಕೊಂಡು, ಆಮೇಲೆ ಗ್ರಬ್ ಇನ್‌ಸ್ಟಾಲ್ ಮತ್ತು ಅಪ್‌ಡೇಟ್ ಗ್ರಬ್ ಎಂಬ ಎರಡು ಆದೇಶಗಳಿಂದ ಪಟ್ಟಿಯನ್ನು ಮರಳಿ ತರಬಹುದು. ಗ್ರಬ್ಬನ್ನು ಬರೆಯಬೇಕಾದ್ದು ಇಡೀ ಡಿಸ್ಕಿನ ತಲೆಗೆ, ಅದರ ಒಂದು ಭಾಗಕ್ಕಲ್ಲ, ಚುಚ್ಚಿದ ಪೆನ್‌ಡ್ರೈವಿಗಂತೂ ಅಲ್ಲ. ಯಾವುದು ಯಾವುದೆಂದು ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಬೇಕು. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ ಪಕ್ಕದ ವ್ಯವಸ್ಥೆಯನ್ನು ಹುಡುಕುವ ಕೆಲಸ ತಾನಾಗಿ ನಡೆಯುವುದಿಲ್ಲ. ಆದ್ದರಿಂದ ಹೊಸ ಉಬುಂಟುವಿನ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೂ ಗಾಬರಿ ಬೇಡ. ಹುಡುಕಲು ಅನುಮತಿ ಕೊಡುವ ಒಂದು ಸಾಲನ್ನು ಗ್ರಬ್ಬಿನ ಸಂರಚನಾ ಕಡತದಲ್ಲಿ ತಿದ್ದಬೇಕು.

ಪಟ್ಟಿ ಬರುತ್ತದೆ, ಉಬುಂಟು ಆರಿಸಿದರೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪದದ ಮುಂದೆ ನಿಂತುಬಿಡುತ್ತದೆ. ಇದು ಆರನೆಯ ಮೆಟ್ಟಿಲಿನ ದೋಷ. ನಡುವೆಯೇ ಕರೆಂಟ್ ಹೋಗಿ ಯಂತ್ರ ಸತ್ತಾಗ ಕಡತ ವ್ಯವಸ್ಥೆಯ ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಯಾವ ಭಾಗ ಎಂದು ಪರದೆಯೇ ಬಹಳ ಸಲ ಹೇಳಿರುತ್ತದೆ. ಆ ಭಾಗವನ್ನು ಪರೀಕ್ಷಿಸಿ ತಿದ್ದುವ ಆದೇಶ ಎಫ್‌ಎಸ್‌ಸಿಕೆ. ಆದರೆ ಡಿಸ್ಕಿನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೆ ತಿದ್ದಲು ಹೋಗದೆ ಮೊದಲು ಕಡತ ಉಳಿಸಿಕೊಳ್ಳಬೇಕು.

ಪೆನ್‌ಡ್ರೈವೇ ಹತ್ತದಿದ್ದರೆ? ಬಹಳ ಹಳೆಯ ಬಯೋಸ್‌ಗಳಿಗೆ ಪೆನ್‌ಡ್ರೈವಿನಿಂದ ಚಾಲೂ ಆಗುವುದೇ ಗೊತ್ತಿಲ್ಲ, ಅಲ್ಲಿ ಡಿವಿಡಿ ಬೇಕು. ಇನ್ನು ಕೆಲವು 32 ಬಿಟ್ ಯಂತ್ರಗಳು. ಉಬುಂಟು ಡೆಸ್ಕ್‌ಟಾಪಿನ 32 ಬಿಟ್ ಪ್ರತಿ 2017ರಲ್ಲೇ ನಿಂತಿತು. ಇಂದು ಇಳಿಸಿಕೊಂಡ ಹೊಸ ಪ್ರತಿ ಆ ಯಂತ್ರದಲ್ಲಿ ಈ ಪ್ರೊಸೆಸರ್ ನನಗೆ ಸಾಲದು ಎಂದು ಹೇಳಿ ನಿಲ್ಲುತ್ತದೆ. ಅದು ಯಂತ್ರದ ರೋಗವಲ್ಲ, ನಾವು ತಂದ ಔಷಧ ಬೇರೆಯದು.

ಐದೂವರೆ ತಾಸಿನ ಪಾಠ

ಒಂದು ಲಕ್ಷಣಕ್ಕೆ ಎರಡು ಕಾರಣ ಇರಬಹುದು ಎಂಬುದನ್ನು ಕಲಿಸಲು ನಾನು ಗಡಿಯಾರದ ಉದಾಹರಣೆ ಕೊಡುತ್ತೇನೆ. ಎರಡು ವ್ಯವಸ್ಥೆ ಇರುವ ಯಂತ್ರದಲ್ಲಿ ಸಮಯ ತಪ್ಪು ತೋರಿಸುತ್ತದೆ. ಎಲ್ಲರೂ ಬ್ಯಾಟರಿ ಹೋಗಿದೆ ಎನ್ನುತ್ತಾರೆ. ಎಷ್ಟು ತಪ್ಪು ಎಂದು ಕೇಳಿ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಬ್ಯಾಟರಿ. ಬೆಳಿಗ್ಗೆ ಹತ್ತೂವರೆಗೆ ಉಬುಂಟು ಸಂಜೆ ನಾಲ್ಕು ತೋರಿಸಿದರೆ, ಅಂದರೆ ಸರಿಯಾಗಿ ಐದೂವರೆ ತಾಸು ಮುಂದಿದ್ದರೆ, ಬ್ಯಾಟರಿಯ ತಪ್ಪಿಲ್ಲ.

ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಭಾರತದ ಸಮಯವನ್ನೇ ಬರೆದಿಡುತ್ತದೆ. ಲಿನಕ್ಸ್ ವ್ಯವಸ್ಥೆಗಳು ಸಾಮಾನ್ಯವಾಗಿ ಅಲ್ಲಿ ಜಾಗತಿಕ ಸಮಯವಿದೆ ಎಂದು ತಿಳಿದು ಅದಕ್ಕೆ ಐದೂವರೆ ತಾಸು ಸೇರಿಸಿ ತೋರಿಸುತ್ತವೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಬೇರೆ ಅರ್ಥದಲ್ಲಿ ಓದಿದ. ಯಂತ್ರದ ಗಡಿಯಾರ ಸ್ಥಳೀಯ ಸಮಯದಲ್ಲಿದೆ ಎಂದು ಉಬುಂಟುವಿಗೆ ಒಂದು ಆದೇಶದಲ್ಲಿ ತಿಳಿಸಿದರೆ ಜಗಳ ಮುಗಿಯಿತು. ಐದೂವರೆ ಎಲ್ಲಿಂದ ಬಂತು? ನಮ್ಮ ಪ್ರಮಾಣ ಕಾಲ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಒಂದು ತಾಸಿಗೆ 15 ಡಿಗ್ರಿ. ಭಾಗಿಸಿದರೆ 5.5. ಸಮಾಜ ವಿಜ್ಞಾನದ ಪಾಠ ಕಂಪ್ಯೂಟರ್ ಕೊಠಡಿಯಲ್ಲೇ ಸಿಕ್ಕಿತು. ತಪ್ಪಿನ ಅಳತೆಯೇ ತಪ್ಪಿನ ಕಾರಣವನ್ನು ಹೇಳುತ್ತದೆ ಎಂಬುದು ಉತ್ತರಪತ್ರಿಕೆ ತಿದ್ದುವವರಿಗೂ ಬೇಕಾದ ಪಾಠ.

ದೊಡ್ಡ ತಡೆ ಯಂತ್ರದ್ದಲ್ಲ, ಭಾಷೆಯದು

ನಾನು ನೋಡಿದಂತೆ ನಮ್ಮ ಪ್ರಶಿಕ್ಷಣಾರ್ಥಿಗಳು ದೋಷದ ಸಾಲನ್ನು ಓದುವುದೇ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಕಣ್ಣು ಬೇರೆ ಕಡೆ ಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಜಾಣ ಹುಡುಗಿಯರು ಕೂಡ ಏನೋ ಎರರ್ ಬಂದೈತಿ ಎನ್ನುತ್ತಾರೆ, ಯಾವ ಎರರ್ ಎಂದು ಹೇಳುವುದಿಲ್ಲ. ಆದರೆ ಆ ಸಾಲುಗಳ ಇಂಗ್ಲಿಷ್ ಕಷ್ಟದ್ದಲ್ಲ. ಡಿಸ್ಕ್ ಸಿಗಲಿಲ್ಲ, ಅಂಥ ಭಾಗವಿಲ್ಲ, ಗುರುತಿಲ್ಲದ ಕಡತ ವ್ಯವಸ್ಥೆ, ಬೂಟ್‌ಮ್ಯಾನೇಜರ್ ಕಾಣೆಯಾಗಿದೆ: ಹೆಚ್ಚಿನವು ನಾಲ್ಕೈದು ಪದದ ವಾಕ್ಯಗಳು. ಹತ್ತು ಸಾಲುಗಳನ್ನು ಕನ್ನಡಕ್ಕೆ ತಂದು, ಪಕ್ಕದಲ್ಲಿ ಮೆಟ್ಟಿಲಿನ ಸಂಖ್ಯೆ ಬರೆದು ಕೊಠಡಿಯ ಗೋಡೆಗೆ ಹಚ್ಚಿದರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ಈ ಹಾಳೆಯನ್ನು ಪ್ರಶಿಕ್ಷಣಾರ್ಥಿಗಳೇ ಮಾಡಲಿ. ಮಾಡುವುದರಲ್ಲೇ ಅವರ ಕಲಿಕೆ ಇದೆ.

ಆಕ್ಷೇಪಗಳು

ಈ ಮಾತು ಎತ್ತಿದಾಗ ಸಹೋದ್ಯೋಗಿಗಳು ಕೇಳುವ ಪ್ರಶ್ನೆಗಳು ಹುಸಿಯಲ್ಲ. ಒಂದೊಂದಾಗಿ ನೋಡೋಣ.

ಶಿಕ್ಷಕರ ಕೆಲಸ ಪಾಠ ಮಾಡುವುದು, ರಿಪೇರಿಯಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ಮಗುವಿಗೆ ಜ್ವರ ಬಂದರೆ ನಾವು ಔಷಧ ಬರೆಯುವುದಿಲ್ಲ. ಆದರೆ ಹಣೆ ಮುಟ್ಟಿ ನೋಡುತ್ತೇವೆ, ಯಾವಾಗಿನಿಂದ ಎಂದು ಕೇಳುತ್ತೇವೆ, ಪಾಲಕರಿಗೆ ಸರಿಯಾಗಿ ಹೇಳಿ ಕಳಿಸುತ್ತೇವೆ. ಕಂಪ್ಯೂಟರಿನ ಬಗ್ಗೆಯೂ ನಾನು ಕೇಳುವುದು ಅಷ್ಟೇ. ಮೂರನೆಯ ಮೆಟ್ಟಿಲವರೆಗೆ ಬರುತ್ತದೆ, ಡಿಸ್ಕ್ ಕಾಣುವುದಿಲ್ಲ, ಒಳಗೆ ಉಬುಂಟುವಿನಲ್ಲಿ ಕಡತಗಳಿವೆ, ಕೇಳದೆ ಅಳಿಸಬೇಡಿ ಎಂದು ಫೋನಿನಲ್ಲಿ ಹೇಳಬಲ್ಲ ಶಿಕ್ಷಕಿ ಇದ್ದಿದ್ದರೆ ಯಲಬುರ್ಗಾದ ಆ ಮೂರು ವರ್ಷದ ಕೆಲಸ ಉಳಿಯುತ್ತಿತ್ತು.

ಅಪಾಯವಿದೆ ಎನ್ನುತ್ತಾರೆ. ಇದೆ. ಆದ್ದರಿಂದ ಗೆರೆ ಎಳೆಯಬೇಕು. ವಿದ್ಯುತ್ ಪೆಟ್ಟಿಗೆ ಎಸ್‌ಎಂಪಿಎಸ್ಸನ್ನು ಯಾವ ಕಾರಣಕ್ಕೂ ಬಿಚ್ಚುವಂತಿಲ್ಲ. ಹಳೆಯ ದಪ್ಪ ಮಾನಿಟರಿನ ಹಿಂಬದಿ ಮುಟ್ಟುವಂತಿಲ್ಲ. ತಂತಿ ಕೀಳದೆ ಪೆಟ್ಟಿಗೆಯ ಮುಚ್ಚಳ ತೆಗೆಯುವಂತಿಲ್ಲ. ಮುಖ್ಯೋಪಾಧ್ಯಾಯರ ಒಪ್ಪಿಗೆ ಇಲ್ಲದೆ, ದಾಸ್ತಾನು ವಹಿಯಲ್ಲಿ ಬರೆಯದೆ ಶಾಲೆಯ ಯಂತ್ರವನ್ನು ಬಿಚ್ಚುವಂತಿಲ್ಲ. ಕಡತ ನಕಲು ಆಗುವ ಮೊದಲು ಡಿಸ್ಕಿಗೆ ಏನನ್ನೂ ಬರೆಯುವಂತಿಲ್ಲ.

ಹಳೆಯ ಯಂತ್ರ ಗುಜರಿ, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎನ್ನುತ್ತಾರೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರಲ್ಲಿ ತಯಾರಕರ ಸಾಮಾನ್ಯ ಬೆಂಬಲ ನಿಂತಿತು ಎಂಬುದು ನಿಜ. ಆದರೆ ಹಗುರವಾದ ಲಿನಕ್ಸ್ ಹಾಕಿದ ಹತ್ತು ವರ್ಷದ ಯಂತ್ರ ಜಿಯೋಜೀಬ್ರಾಕ್ಕೆ, ಕನ್ನಡ ಟೈಪಿಂಗಿಗೆ ಸಾಕು. ಪೂರ್ತಿ ಕೆಲಸಕ್ಕೆ ಬಾರದ ಯಂತ್ರವೂ ಬಿಚ್ಚಿ ತೋರಿಸಲು ಸಾಕು. ಮೊಬೈಲನ್ನು ಬಿಚ್ಚಲಾಗದು, ಅದು ಏಳುವ ಕ್ರಮ ಕಣ್ಣಿಗೆ ಕಾಣದು. ಹಳೆಯ ಕಂಪ್ಯೂಟರ್ ತನ್ನ ಮೆಟ್ಟಿಲುಗಳನ್ನು ತೋರಿಸುತ್ತ ಏಳುತ್ತದೆ. ಬೋಧನೋಪಕರಣಕ್ಕೆ ಬೇಕಾದ ಗುಣ ಇದೇ.

ಸಮಯವೆಲ್ಲಿದೆ ಎಂಬುದು ಕೊನೆಯ ಪ್ರಶ್ನೆ. ಎನ್‌ಸಿಟಿಇಯ 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲಾ ಅನುಭವಕ್ಕೆ 20 ವಾರ ಸಿಕ್ಕಿತು. ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಪತ್ರಿಕೆಯೇ ಇದೆ. ಅದರ ಪ್ರಾಯೋಗಿಕ ದಾಖಲೆ ಪುಸ್ತಕ ತೆರೆದರೆ ಪವರ್‌ಪಾಯಿಂಟ್ ಸ್ಲೈಡುಗಳು, ಅಂಟಿಸಿದ ಚಿತ್ರಗಳು. ಸ್ಲೈಡು ಬೇಡ ಎನ್ನುವುದಿಲ್ಲ. ಎರಡು ಸ್ಲೈಡಿನ ಚಟುವಟಿಕೆ ಕಡಿಮೆ ಮಾಡಿದರೆ ನಿದಾನದ ಒಂದು ಚಟುವಟಿಕೆಗೆ ಜಾಗ ಸಿಗುತ್ತದೆ.

ಹೇಗೆ ಮಾಡಬಹುದು

ಪ್ರತಿ ಕಾಲೇಜು ಒಂದು ಹಳೆಯ ಯಂತ್ರವನ್ನು ಎರಡು ವ್ಯವಸ್ಥೆಗಳೊಂದಿಗೆ ಇದಕ್ಕಾಗಿಯೇ ಇಡಲಿ. ಉಪನ್ಯಾಸಕರು ಒಂದು ದೋಷವನ್ನು ಮೊದಲೇ ಮಾಡಿಟ್ಟಿರಲಿ: ಕೇಬಲ್ ಸಡಿಲ ಮಾಡುವುದು, ಬೂಟ್ ಕ್ರಮ ಬದಲಿಸುವುದು, ಮೆಮೊರಿ ಪಟ್ಟಿ ತೆಗೆಯುವುದು, ಡಿಸ್ಕಿನ ತಲೆಯಲ್ಲಿ ವಿಂಡೋಸ್ ಸಂಕೇತ ಬರೆಯುವುದು. ನಾಲ್ವರು ಪ್ರಶಿಕ್ಷಣಾರ್ಥಿಗಳ ಗುಂಪು ಕೂತು ಹುಡುಕಲಿ. ನಿಯಮ ಮೂರು. ಮೊದಲು ನೋಡಿ ಬರೆ, ಆಮೇಲೆ ಮುಟ್ಟು. ಒಂದು ಸಲಕ್ಕೆ ಒಂದನ್ನೇ ಬದಲಿಸು. ಬದಲಿಸಿದ್ದರಿಂದ ಏನಾಯಿತು ಎಂದು ಬರೆಯದೆ ಎರಡನೆಯದಕ್ಕೆ ಹೋಗಬೇಡ.

ಗಣಿತ ಬೋಧನಾ ವಿಧಾನದಲ್ಲಿ ನಾವು ಜಾರ್ಜ್ ಪೋಲ್ಯಾನ ಹೆಸರು ಹೇಳುತ್ತೇವೆ. 1945ರ ತನ್ನ ಪುಸ್ತಕದಲ್ಲಿ ಅವನು ಸಮಸ್ಯೆ ಬಿಡಿಸಲು ನಾಲ್ಕು ಹಂತ ಕೊಟ್ಟ: ಸಮಸ್ಯೆಯನ್ನು ಅರಿಯುವುದು, ಯೋಜನೆ ಮಾಡುವುದು, ಯೋಜನೆಯಂತೆ ನಡೆಯುವುದು, ಹಿಂತಿರುಗಿ ನೋಡುವುದು. ನಮ್ಮ ಪ್ರಶಿಕ್ಷಣಾರ್ಥಿಗಳು ಪರೀಕ್ಷೆಯಲ್ಲಿ ಇವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಯಂತ್ರದ ಮುಂದೆ ಕೂತಾಗ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ನಡುವಿನದಕ್ಕೆ ಕೈ ಹಾಕುತ್ತಾರೆ. ತರಗತಿಯಲ್ಲಿ ಮಗುವಿನ ತಪ್ಪಿನ ಮುಂದೆಯೂ ಹೀಗೇ ಮಾಡುತ್ತಾರೆ ಎಂಬುದು ಪಾಠ ವೀಕ್ಷಣೆಯಲ್ಲಿ ನಾನು ಮತ್ತೆ ಮತ್ತೆ ಕಂಡದ್ದು. ಉತ್ತರ ತಪ್ಪು ಎಂದ ಕೂಡಲೇ ಕರಿಹಲಗೆಯ ಮೇಲೆ ಸರಿ ಉತ್ತರ ಬರೆದುಬಿಡುತ್ತಾರೆ. ಅದೂ ಒಂದು ಬಗೆಯ ಫಾರ್ಮ್ಯಾಟೇ. ಮಗುವಿನ ತಲೆಯಲ್ಲಿ ಆಗಲೇ ಸರಿಯಾಗಿದ್ದದ್ದನ್ನೂ ಸೇರಿಸಿ ಒರಸಿ ಹೊಸದಾಗಿ ತುಂಬುವ ಅವಸರ.

ಅಂಕ ಕೊಡುವಾಗ ಯಂತ್ರ ಎದ್ದಿತೋ ಇಲ್ಲವೋ ಎಂದು ನೋಡಬಾರದು. ಎಷ್ಟನೆಯ ಮೆಟ್ಟಿಲು ಎಂದು ಸರಿಯಾಗಿ ಗುರುತಿಸಿದರೇ, ಯಾವ ಕಾರಣಗಳನ್ನು ಯಾವ ಆಧಾರದ ಮೇಲೆ ಕೈಬಿಟ್ಟರು, ಕಡತಗಳನ್ನು ಉಳಿಸಿಕೊಂಡರೇ, ತಮಗೆ ಮೀರಿದ್ದು ಎಲ್ಲಿಂದ ಶುರು ಎಂದು ಹೇಳಿದರೇ ಎಂಬುದಕ್ಕೆ ಅಂಕ. ಆಕಸ್ಮಿಕವಾಗಿ ಯಂತ್ರ ಎಬ್ಬಿಸಿದವರಿಗಿಂತ, ಎಬ್ಬಿಸಲಾಗದೆಯೂ ದೋಷದ ಜಾಗ ಸರಿಯಾಗಿ ಹೇಳಿದವರಿಗೆ ಹೆಚ್ಚು ಅಂಕ ಸಿಗಬೇಕು.

ಇಂಟರ್ನ್‌ಶಿಪ್ಪಿಗೆ ಹೋದ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಮಾಡಬಹುದಾದ ಸಣ್ಣ ಕೆಲಸ ಇನ್ನೊಂದಿದೆ. ನಡೆಯುತ್ತಿರುವ ಯಂತ್ರ ಕೂಡ ನಾಳೆ ನಿಲ್ಲುತ್ತದೆ. ಪ್ರತಿ ಯಂತ್ರಕ್ಕೂ ಒಂದು ಹಾಳೆ ಮಾಡಿ, ಒಳಗೆ ಯಾವ ಯಾವ ವ್ಯವಸ್ಥೆ ಇದೆ, ಡಿಸ್ಕಿನ ಭಾಗಗಳು ಎಷ್ಟೆಷ್ಟು, ಯಾರ ಕಡತಗಳು ಎಲ್ಲಿವೆ, ಬಯೋಸಿಗೆ ಹೋಗಲು ಯಾವ ಕೀಲಿ ಒತ್ತಬೇಕು, 32 ಬಿಟ್ಟೋ 64 ಬಿಟ್ಟೋ ಎಂದು ಬರೆದು ದಾಸ್ತಾನು ವಹಿಯಲ್ಲಿ ಅಂಟಿಸಿ ಬರಬಹುದು. ಒಂದು ಉಬುಂಟು ಪೆನ್‌ಡ್ರೈವ್ ಮಾಡಿ ಅದೇ ಕಪಾಟಿನಲ್ಲಿ ಇಟ್ಟು ಬರಬಹುದು. ಶಿಕ್ಷಕರ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ನಕಲು ಮಾಡಿಕೊಡಬಹುದು. ಬೀಳ್ಕೊಡುವಾಗ ಶಾಲೆಗೆ ಫೋಟೊ ಚೌಕಟ್ಟು, ಗೋಡೆ ಗಡಿಯಾರ ಕೊಡುವ ಪದ್ಧತಿ ನಮ್ಮಲ್ಲಿದೆ. ಅದರ ಜತೆಗೆ ಈ ಹಾಳೆಗಳನ್ನೂ ಕೊಡಲಿ.

ಈ ವರ್ಷದ ಇಂಟರ್ನ್‌ಶಿಪ್ ಹಂಚಿಕೆಯ ಪಟ್ಟಿ ಮಾಡುವಾಗ ನಾಲ್ಕೂ ತಾಲ್ಲೂಕಿನ ಮೇಲ್ವಿಚಾರಕರು ಶಾಲೆಗಳಿಗೆ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಿಮ್ಮಲ್ಲಿ ಬೀಗ ಹಾಕಿರುವ ಕಂಪ್ಯೂಟರ್ ಕೊಠಡಿ ಇದೆಯೇ? ಇದೆ ಎಂದ ಶಾಲೆಗೆ, ಈ ಚಟುವಟಿಕೆ ಮಾಡಿದ ಇಬ್ಬರನ್ನು ಕಳಿಸೋಣ. ಮೊದಲ ವಾರ ಅವರು ಏನನ್ನೂ ತಿದ್ದುವುದು ಬೇಡ. ಬೀಗ ತೆಗೆಸಿ, ಧೂಳು ಒರಸಿ, ಒಂದೊಂದೇ ಯಂತ್ರ ಹಚ್ಚಿ, ಯಾವುದು ಎಷ್ಟನೆಯ ಮೆಟ್ಟಿಲಲ್ಲಿ ನಿಂತಿತು ಎಂದು ಬರೆದು ತರಲಿ. ಅದನ್ನು ಮುಂದಿಟ್ಟುಕೊಂಡು ಮುಂದಿನದನ್ನು ಮಾತಾಡೋಣ.